ಗಲ್ಫಿಗೆ ಹೋದವನ ಬೈಕ್

ನಮ್ಮ ಮನೆಗಳಿಗೆ ಬೈಕ್ ಬರುವ ದಾರಿ ಮೂರು. ಮೊದಲನೆಯದು ಶೋರೂಮಿನಿಂದ, ಕಂತಿನ ಮೇಲೆ. ಬಡ್ಡಿಯ ಸಾಲ ಬೇಡ ಎನ್ನುವವರಿಗೆ ಆ ದಾರಿ ಮುಚ್ಚಿದ ಹಾಗೆಯೇ. ಅಷ್ಟು ಹಣವನ್ನು ಒಮ್ಮೆಲೇ ಎಣಿಸಿ ಕೊಡುವ ಶಕ್ತಿ ಎಲ್ಲರಿಗೂ ಇಲ್ಲ. ಎರಡನೆಯದು ತೊಕ್ಕೊಟ್ಟು, ಬಿ.ಸಿ. ರೋಡ್, ಪುತ್ತೂರು ಕಡೆಯ ಹಳೆ ಗಾಡಿ ವ್ಯಾಪಾರಿಗಳಿಂದ. ಮೂರನೆಯದು ಗಲ್ಫಿಗೆ ಹೋದವನ ಬೈಕ್. ನಮ್ಮ ಊರುಗಳಲ್ಲಿ ಇದೇ ಹೆಚ್ಚು ಎಂದು ನನ್ನ ಲೆಕ್ಕ.

ಇದರ ಕತೆ ಎಲ್ಲ ಮನೆಯಲ್ಲೂ ಹೆಚ್ಚು ಕಡಿಮೆ ಒಂದೇ. ಹುಡುಗನಿಗೆ ವೀಸಾ ಬರುತ್ತದೆ. ಬೈಕ್ ಮನೆಯ ಬದಿಯಲ್ಲಿ ಟರ್ಪಾಲು ಹೊದ್ದು ನಿಲ್ಲುತ್ತದೆ. ಮೊದಲ ಕೆಲವು ತಿಂಗಳು ಉಪ್ಪನೋ ತಮ್ಮನೋ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡುತ್ತಾರೆ. ಆಮೇಲೆ ಅದು ನೆನಪಾಗುವುದು ಬೆಕ್ಕು ಸೀಟಿನ ಮೇಲೆ ಮರಿ ಹಾಕಿದಾಗ. ಎರಡು ಮಳೆಗಾಲ ಕಳೆದ ಮೇಲೆ ಉಮ್ಮ ಹೇಳುತ್ತಾರೆ, “ಸುಮ್ಮನೆ ತುಕ್ಕು ಹಿಡಿಯುವುದು ಯಾಕೆ, ಯಾರಾದರೂ ನಮ್ಮವರೇ ತೆಗೊಂಡರೆ ಕೊಡುವ.” ಆ ‘ನಮ್ಮವರು’ ಭಾವನೋ, ನೆರೆಮನೆಯವನೋ ಆಗಿರಬಹುದು. ಕಳೆದ ವರ್ಷ ಅದು ನಾನಾದೆ. ಸಣ್ಣ ಪ್ರಾಯದಲ್ಲಿ ಮದ್ರಸಕ್ಕೆ ನನ್ನ ಹತ್ತಿರ ಬಂದ ಹುಡುಗನ ಗಾಡಿ. 2016ರ ಮಾಡೆಲ್, 100 ಸಿಸಿ, ಮೀಟರಿನಲ್ಲಿ 41 ಸಾವಿರ ಕಿಲೋಮೀಟರ್. ಮೂವತ್ತು ಸಾವಿರಕ್ಕೆ ಮಾತಾಯಿತು. ನಲ್ವತ್ತಮೂರು ವರ್ಷ ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ತಿರುಗಿದವನಿಗೆ ಅದು ಮೊದಲ ಗಾಡಿ.

ನಮ್ಮವರೊಳಗಿನ ವ್ಯಾಪಾರದಲ್ಲಿ ಎರಡು ಮಾತು ಯಾವಾಗಲೂ ಕೇಳಿಸುತ್ತವೆ. “ಗಾಡಿಗೆ ಎಂತ ಪ್ರಾಬ್ಲಂ ಇಲ್ಲ” ಎಂಬುದು ಒಂದು. “ಪೇಪರ್ ಮತ್ತೆ ಮಾಡುವ” ಎಂಬುದು ಇನ್ನೊಂದು. ಎರಡನ್ನೂ ಪ್ರೀತಿಯಿಂದಲೇ ಹೇಳುತ್ತಾರೆ. ಹೊಸದಾಗಿ ಬೈಕ್ ಹತ್ತುವವನಿಗೆ ತೊಂದರೆ ಬರುವುದೂ ಈ ಎರಡರಿಂದಲೇ.

ಪೇಪರ್ ಮತ್ತೆ ಅಲ್ಲ, ಮೊದಲು

ಕಾನೂನು ಹೇಳುವುದು ಸರಳ. ಒಂದೇ ರಾಜ್ಯದೊಳಗೆ ಗಾಡಿ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಮಾರಿದ್ದಕ್ಕೆ ಫಾರಂ 29, ಹೆಸರು ಬದಲಾವಣೆಗೆ ಫಾರಂ 30. ಗಾಡಿಯ ಮೇಲೆ ಸಾಲ ಇದ್ದು ತೀರಿದ್ದರೆ ಬ್ಯಾಂಕಿನ ನಿರಾಕ್ಷೇಪಣೆ ಪತ್ರ ತಂದು ಫಾರಂ 35ರಲ್ಲಿ ಆ ನಮೂದನ್ನು ತೆಗೆಸಬೇಕು. ಕಂತು ಮುಗಿದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದ ಗಾಡಿಗಳು ನಮ್ಮಲ್ಲಿ ಬೇಕಾದಷ್ಟು ಉಂಟು. ಗಾಡಿ ನಂಬರ್ ಹಾಕಿ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಿದರೆ ಇನ್ಶೂರೆನ್ಸ್ ಎಲ್ಲಿಯವರೆಗೆ, ಸಾಲ ಉಂಟಾ ಎಂಬುದೆಲ್ಲ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್, ಚಾಸಿ ನಂಬರುಗಳನ್ನು ಗಾಡಿಯ ಮೇಲೆ ಕೊರೆದ ನಂಬರಿನೊಂದಿಗೆ ತಾಳೆ ನೋಡುವುದಕ್ಕೆ ಒಂದು ಹಳೆ ಬಟ್ಟೆ, ಸ್ವಲ್ಪ ಚಿಮಿಣಿ ಎಣ್ಣೆ ಸಾಕು.

ಹೆಸರು ಬದಲಾಯಿಸದಿದ್ದರೆ ಆಗುವುದೇನು? ನಾವೆಲ್ಲ ದಂಡ ಬೀಳುತ್ತದೆ ಎಂದಷ್ಟೇ ಯೋಚಿಸುತ್ತೇವೆ. ವಿಷಯ ಅದಕ್ಕಿಂತ ದೊಡ್ಡದು. ಒಂದು ಗಾಡಿ ಒಬ್ಬನಿಂದ ಒಬ್ಬನಿಗೆ ಹೀಗೆ ಹಲವು ಕೈ ದಾಟಿ, ಆರ್‌ಸಿ ಮಾತ್ರ ಮೊದಲನೆಯವನ ಹೆಸರಿನಲ್ಲೇ ಉಳಿದು, ಕೊನೆಯವನ ಕೈಯಲ್ಲಿ ಅಪಘಾತವಾದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. 2018ರ ಫೆಬ್ರವರಿಯಲ್ಲಿ ತೀರ್ಪು ಬಂತು. ಆರ್‌ಸಿಯಲ್ಲಿ ಯಾರ ಹೆಸರು ಇದೆಯೋ ಕಾನೂನಿನ ಕಣ್ಣಿಗೆ ಅವನೇ ಮಾಲಕ, ಪರಿಹಾರದ ಹೊಣೆಯೂ ಅವನದೇ. ಅಂದರೆ ಇಲ್ಲಿ ನಮ್ಮ ತಲಪಾಡಿಯಲ್ಲೋ ಕಲ್ಲಡ್ಕದಲ್ಲೋ ನಾನು ಯಾರಿಗಾದರೂ ಢಿಕ್ಕಿ ಹೊಡೆದರೆ, ಕೋರ್ಟಿನ ಕಾಗದ ಹೋಗುವುದು ಜುಬೈಲಿನಲ್ಲೋ ಶಾರ್ಜಾದಲ್ಲೋ ದುಡಿಯುವ ಹುಡುಗನ ಮನೆಗೆ. ಬಾಗಿಲು ತೆಗೆಯುವುದು ಅವನ ಉಮ್ಮ. ನಂಬಿಕೆಯಿಂದ ಕೀ ಕೊಟ್ಟವರಿಗೆ ಇದು ನಾವು ಹೊರಿಸುವ ಹೊರೆ.

ಇನ್ಶೂರೆನ್ಸಿನ ಮಾತೂ ಇದರ ಜೊತೆಯದ್ದೇ. ನಿಂತ ಗಾಡಿಗೆ ಯಾರೂ ಪಾಲಿಸಿ ಕಟ್ಟುವುದಿಲ್ಲ. ಹಾಗಾಗಿ ಗಲ್ಫಿಗೆ ಹೋದವನ ಬೈಕಿನ ಪಾಲಿಸಿ ಹೆಚ್ಚಾಗಿ ಮುಗಿದೇ ಇರುತ್ತದೆ. ಮನೆಯಿಂದ ಗ್ಯಾರೇಜಿಗೆ ಓಡಿಸುವ ಒಂದು ಕಿಲೋಮೀಟರಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರಲೇಬೇಕು. 75ರಿಂದ 150 ಸಿಸಿವರೆಗಿನ ಬೈಕಿಗೆ 2022ರಲ್ಲಿ ನಿಗದಿಯಾದ ವಾರ್ಷಿಕ ದರ 714 ರೂಪಾಯಿ, ತೆರಿಗೆ ಬೇರೆ. ಅದು ಇಲ್ಲದೆ ಒಬ್ಬರ ಕಾಲು ಮುರಿದರೆ ಮನೆ ಜಾಗ ಮಾರಬೇಕಾಗಬಹುದು. ಪಾಲಿಸಿ ಜೀವಂತ ಇದ್ದರೆ ಸುಮ್ಮನೆ ಕೂರಬೇಡಿ, ಗಾಡಿ ಕೈ ಬದಲಾದ 14 ದಿನದೊಳಗೆ ಕಂಪೆನಿಗೆ ಅರ್ಜಿ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯವನ ನೋ ಕ್ಲೈಮ್ ಬೋನಸ್ ನಮಗೆ ಸಿಗುವುದಿಲ್ಲ. ಅದು ಗಾಡಿಗೆ ಸೇರಿದ್ದಲ್ಲ, ಮನುಷ್ಯನಿಗೆ ಸೇರಿದ್ದು.

ಮಾರುವವನು ಪರದೇಶದಲ್ಲಿದ್ದರೆ ಸಹಿ, ಆಧಾರ್, ಮೊಬೈಲಿಗೆ ಬರುವ ಒಟಿಪಿ ಎಲ್ಲವೂ ತಲೆನೋವು. ನನ್ನ ವಿಷಯದಲ್ಲಿ ಹುಡುಗ ತಂಗಿಯ ನಿಕಾಹಿಗೆ ನಲ್ವತ್ತು ದಿನ ರಜೆಯಲ್ಲಿ ಬಂದಿದ್ದ. ಆ ದಿನಗಳಲ್ಲೇ ಅರ್ಜಿ ಹಾಕಿದೆವು, ಅರ್ಜಿ ಸೇರಿದ ಚೀಟಿ ಕೈಗೆ ಬಂದ ಮೇಲೆಯೇ ಹಣ ಪೂರ್ತಿ ಕೊಟ್ಟದ್ದು. “ಉಸ್ತಾದ್, ನಮ್ಮೊಳಗೆ ಇಷ್ಟೆಲ್ಲ ಬೇಕಾ?” ಎಂದು ಅವನ ಉಪ್ಪ ಕೇಳಿದರು. ಬೇಕು ಎಂದೆ. ವೀಸಾ ಕೈಗೆ ಬಂದ ಮಕ್ಕಳಿಗೆ ಹೇಳುವುದಿಷ್ಟು: ಬೈಕ್ ಕೊಡುವುದಾದರೆ ಹೊರಡುವ ಮೊದಲೇ ಕೊಟ್ಟು, ಹೆಸರೂ ಬದಲಾಯಿಸಿ ಹೋಗಿ. ಕಾಸರಗೋಡಿನ ಕೆಎಲ್ 14 ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ತರುವವರೂ ಇದ್ದಾರೆ. ಅಲ್ಲಿಯ ನಿರಾಕ್ಷೇಪಣೆ ಪತ್ರ, ಇಲ್ಲಿಯ ಹೊಸ ನೋಂದಣಿ, ಜೀವಿತಾವಧಿ ತೆರಿಗೆ ಎಲ್ಲ ಸೇರಿಸಿ ಆಮೇಲೆ ಅಗ್ಗವೋ ಅಲ್ಲವೋ ಲೆಕ್ಕ ಹಾಕಬೇಕು.

ಒಂದು ತಮಾಷೆ. ನನ್ನ ಶಾಲೆಯ ಓದು ಪಿಯುಸಿಗೆ ನಿಂತದ್ದು. ನಾವು ಎಮಿಷನ್ ಟೆಸ್ಟ್ ಎನ್ನುವ ಹೊಗೆ ತಪಾಸಣೆಯ ಚೀಟಿಗೂ ಪಿಯುಸಿ ಎಂದೇ ಹೆಸರು. ನನ್ನದು ಒಮ್ಮೆ ಪಾಸಾಗಿ ಮುಗಿಯಿತು. ಬೈಕಿನದ್ದು ಆರು ತಿಂಗಳಿಗೊಮ್ಮೆ ಪಾಸಾಗಬೇಕು. ಬಿಎಸ್-4 ಮತ್ತು ಅದರ ನಂತರದ ಗಾಡಿಗಳಿಗೆ ವರ್ಷಕ್ಕೊಮ್ಮೆ ಸಾಕು.

ನಿಂತಲ್ಲೇ ಕೆಡುವ ಗಾಡಿ

“ಪ್ರಾಬ್ಲಂ ಇಲ್ಲ, ಎರಡು ವರ್ಷ ಓಡಿಸಿಯೇ ಇಲ್ಲ” ಎಂದು ಹೆಮ್ಮೆಯಿಂದ ಹೇಳುವುದುಂಟು. ನನ್ನ ಬೈಕನ್ನು ನೋಡಿದ ಮೆಕ್ಯಾನಿಕ್ ಇದನ್ನು ಕೇಳಿ ನಕ್ಕರು. ರಸ್ತೆ ಬದಿಯ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಕೆಲಸ ಮಾಡುವವರು. “ಓಡಿದ ಗಾಡಿ ಸವೆಯುತ್ತದೆ ಉಸ್ತಾದ್ರೇ, ನಿಂತ ಗಾಡಿ ಕೊಳೆಯುತ್ತದೆ ಮಾರಾಯ್ರೆ” ಎಂದರು.

ಕೊಳೆಯುವುದು ಹೇಗೆಂದು ಅವರು ಒಂದೊಂದೇ ಬಿಚ್ಚಿ ತೋರಿಸಿದರು. ಕಾರ್ಬುರೇಟರಿನ ತಳದಲ್ಲಿ ಉಳಿದ ಪೆಟ್ರೋಲ್ ಆರಿ ಹಲಸಿನ ಮೇಣದ ಹಾಗೆ ಅಂಟಾಗಿತ್ತು. ಸೂಜಿಯ ಮೊನೆಯಷ್ಟು ಸಣ್ಣ ತೂತಿನ ಜೆಟ್ ಅದರಿಂದ ಮುಚ್ಚಿಹೋಗುತ್ತದೆ. ಸ್ಟಾರ್ಟ್ ಆದರೂ ಚೋಕ್ ಎಳೆದೇ ಇಡಬೇಕು, ಬಿಟ್ಟ ಕೂಡಲೇ ಬಂದ್. ಅರ್ಧ ಖಾಲಿ ಟ್ಯಾಂಕಿನ ಒಳಗೆ ಮಳೆಗಾಲದ ತೇವ ಹನಿಗಟ್ಟಿ ತುಕ್ಕು ಹುಟ್ಟುತ್ತದೆ. ಈಗಿನ ಪೆಟ್ರೋಲಿನಲ್ಲಿ ಸೇರಿರುವ ಎಥನಾಲ್ ನೀರನ್ನು ಹೀರಿಕೊಳ್ಳುವ ಸ್ವಭಾವದ್ದು, ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸುವುದು ಮೊದಲಿಗಿಂತ ಹೆಚ್ಚು ಕೇಡು. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿತ್ತು, ತೆಂಗಿನ ನಾರು ಸಮೇತ. ಬ್ಯಾಟರಿ ಸತ್ತಿತ್ತು. ಹಿಂದಿನ ಟಯರ್ ನೆಲಕ್ಕೆ ತಾಗಿದ ಜಾಗದಲ್ಲಿ ಚಪ್ಪಟೆಯಾಗಿ ಬದಿಯಲ್ಲಿ ಕೂದಲಿನಂಥ ಬಿರುಕು ಬಿಟ್ಟಿತ್ತು. ಕಡಲ ಹತ್ತಿರದ ಮನೆಯಾದರೆ ಉಪ್ಪು ಗಾಳಿಯ ಕೆಲಸ ಬೇರೆ.

ದೀರ್ಘಕಾಲ ನಿಲ್ಲಿಸಲೇಬೇಕೆಂದಿದ್ದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ ಕಾರ್ಬುರೇಟರಿನಲ್ಲಿರುವುದು ಮುಗಿದು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು, ಬ್ಯಾಟರಿ ವೈರ್ ಬಿಚ್ಚಿಡಬೇಕು, ಡಬ್ಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು. ಟರ್ಪಾಲನ್ನು ನೆಲದವರೆಗೆ ಬಿಗಿದು ಕಟ್ಟಿದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಗಾಳಿ ಆಡುವಷ್ಟು ಬಿಡಬೇಕು.

ಇಲ್ಲಿ ನಾವು ಕಲಿಸುವ ಪಾಠವೊಂದು ನೆನಪಾಯಿತು. ಫಿಖ್ಹ್ ಕಿತಾಬುಗಳ ವ್ಯಾಪಾರದ ಅಧ್ಯಾಯದಲ್ಲಿ ‘ಐಬ್’ ಅಂದರೆ ಮಾಲಿನಲ್ಲಿರುವ ಕುಂದಿನ ವಿಷಯ ವಿಸ್ತಾರವಾಗಿ ಬರುತ್ತದೆ. ಗೊತ್ತಿರುವ ಕುಂದನ್ನು ಮಾರುವವನು ಹೇಳಲೇಬೇಕು. ಮುಚ್ಚಿಟ್ಟರೆ ಕೊಂಡವನಿಗೆ ಹಿಂದಿರುಗಿಸುವ ಹಕ್ಕಿದೆ, ಆದರೆ ತಿಳಿದ ಮೇಲೆ ತಡ ಮಾಡದೆ ಹಿಂದಿರುಗಿಸಬೇಕು ಎಂಬುದು ನಮ್ಮ ಶಾಫಿಈ ಮದ್‌ಹಬಿನ ಮಾತು. ಅಲ್ಲಿ ‘ತಸ್‌ರಿಯ’ ಎಂಬ ಒಂದು ಉದಾಹರಣೆ ಉಂಟು. ಆಡನ್ನೋ ಒಂಟೆಯನ್ನೋ ಸಂತೆಗೆ ಒಯ್ಯುವ ಮೊದಲು ಕೆಲವು ದಿನ ಹಾಲು ಕರೆಯದೆ ಬಿಟ್ಟು ಕೆಚ್ಚಲು ತುಂಬಿದ ಹಾಗೆ ತೋರಿಸುವುದು. ಅದು ನಿಷಿದ್ಧ. ಈಗಿನ ಮಕ್ಕಳಿಗೆ ಒಂಟೆಯ ಕೆಚ್ಚಲು ಅರ್ಥವಾಗುವುದಿಲ್ಲ, ಬೈಕಿನ ಮಾತು ಅರ್ಥವಾಗುತ್ತದೆ. ಗಿರಾಕಿ ಬರುವ ಅರ್ಧ ಗಂಟೆ ಮೊದಲೇ ಸ್ಟಾರ್ಟ್ ಮಾಡಿ ಇಂಜಿನ್ ಬಿಸಿ ಮಾಡಿಡುವುದು, ಸದ್ದು ಅಡಗಲೆಂದು ದಪ್ಪ ಆಯಿಲ್ ತುಂಬುವುದು, ಚೈನ್ ಸವೆದಿದ್ದರೂ ಸೀಟ್ ಕವರ್ ಹೊಸತು ಹಾಕುವುದು, ಇವೆಲ್ಲ ಅದೇ ಜಾತಿಯವು. ಹಳೆ ಬೈಕ್ ನೋಡಲು ಹೋದಾಗ ಸ್ಟಾರ್ಟ್ ಮಾಡುವ ಮೊದಲು ಇಂಜಿನ್ನಿಗೆ ಕೈ ತಾಗಿಸಿ ನೋಡಿ. ಬಿಸಿ ಇದ್ದರೆ ಯಾಕೆಂದು ಕೇಳಿ. ತಣ್ಣಗಿನ ಇಂಜಿನ್ ಎಷ್ಟನೆಯ ಕಿಕ್ಕಿಗೆ ಹತ್ತುತ್ತದೆ ಎಂಬುದೇ ಅದರ ಆರೋಗ್ಯ. ಸೈಲೆನ್ಸರಿನಲ್ಲಿ ನೀಲಿ ಹೊಗೆ ನಿಲ್ಲದೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದು ಅರ್ಥ. ಅಂಥದ್ದನ್ನು ಬಿಟ್ಟು ಬರುವುದು ಲೇಸು.

ಗಲ್ಫಿನ ಹುಡುಗ ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಅವನಿಗೂ ಗೊತ್ತಿರಲಿಲ್ಲ, ಅಷ್ಟೇ. ಗಾಡಿಯನ್ನು ಶೆಡ್ಡಿನಲ್ಲಿ ಬಿಚ್ಚಿಸಿ ನೋಡಿ, ಆಗುವ ಖರ್ಚನ್ನು ಇಬ್ಬರೂ ಕೇಳಿ ತಿಳಿದು, ಆಮೇಲೆ ಬೆಲೆ ಮಾತಾಡಿದ್ದರಿಂದ ಯಾರಿಗೂ ಬೇಜಾರಾಗಲಿಲ್ಲ.

ಏರು, ಇಳಿಜಾರು, ಮಳೆ

ಓಡಿಸಲು ಕಲಿತದ್ದು ಸುಬಹಿಯ ನಂತರ, ಶಾಲಾ ಮೈದಾನದಲ್ಲಿ. ಎಲ್‌ಎಲ್‌ಆರ್ ಕೈಯಲ್ಲಿಟ್ಟುಕೊಂಡೇ. ಅದು ಸಿಕ್ಕಿ 30 ದಿನ ಆದ ಮೇಲೆಯೇ ಡ್ರೈವಿಂಗ್ ಟೆಸ್ಟ್. ಎಲ್ ಬೋರ್ಡ್ ಇರುವಾಗ ಹಿಂದೆ ಕೂರುವವನು ಕಲಿಸುವವನೇ ಆಗಿರಬೇಕು, ಅವನಿಗೆ ಲೈಸೆನ್ಸ್ ಇರಬೇಕು. ನನ್ನ ಹಿಂದೆ ಕೂತದ್ದು ಇಪ್ಪತ್ತೆರಡು ವರ್ಷದ ಅಳಿಯ. “ಮಾಮ, ಕ್ಲಚ್ ಒಮ್ಮೆಲೇ ಬಿಡಬೇಡಿ” ಎಂಬ ಒಂದೇ ಮಾತನ್ನು ಅವನು ನೂರು ಸಲ ಹೇಳಿರಬಹುದು. ಕ್ಲಚ್ಚಿನಲ್ಲಿ ಒಂದು ಜಾಗ ಉಂಟು, ಅಲ್ಲಿಗೆ ಬಂದಾಗ ಗಾಡಿ ಮೆಲ್ಲಗೆ ಮುಂದೆ ಜಗ್ಗುತ್ತದೆ. ಆ ಜಾಗ ಬೆರಳಿಗೆ ಗೊತ್ತಾಗಬೇಕು, ಬಾಯಿಯಲ್ಲಿ ಹೇಳಿ ಗೊತ್ತಾಗುವುದಲ್ಲ. ಬೇರೆಯವರ ಬೈಕಿನಲ್ಲಿ ಕಲಿತವನಿಗೂ ಹಳೆ ಗಾಡಿ ಕೊಂಡಾಗ ಆ ಜಾಗವನ್ನು ಹೊಸದಾಗಿ ಹುಡುಕಬೇಕಾಗುತ್ತದೆ. ಕ್ಲಚ್ ಪ್ಲೇಟ್ ಸವೆದಷ್ಟು ಅದು ಬದಲಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಸಮತಟ್ಟು ರಸ್ತೆ ಕಡಿಮೆ. ಮನೆಯಿಂದ ಹೊರಟರೆ ಏರು, ತಿರುಗಿದರೆ ಇಳಿಜಾರು. ಏರಿನಲ್ಲಿ ಬಸ್ಸಿನ ಹಿಂದೆ ನಿಂತು ಮತ್ತೆ ಹೊರಡುವುದೇ ಹೊಸಬನಿಗೆ ದೊಡ್ಡ ಪರೀಕ್ಷೆ. ಹಿಂದಿನ ಬ್ರೇಕ್ ಒತ್ತಿಯೇ ಇಟ್ಟು, ಕ್ಲಚ್ಚನ್ನು ಆ ಜಗ್ಗುವ ಜಾಗಕ್ಕೆ ತಂದು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಆಮೇಲೆ ಬ್ರೇಕ್ ಬಿಡುವುದು. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಬಿಡುವವರಿದ್ದಾರೆ. ಇಂಜಿನ್ನಿನ ಹಿಡಿತ ತಪ್ಪಿದರೆ ಎಲ್ಲ ಭಾರ ಬ್ರೇಕ್ ಶೂ ಮೇಲೆ, ಅದು ಬಿಸಿಯಾಗಿ ಹಿಡಿಯದೆ ಹೋದರೆ ಕೆಳಗೆ ಕಾಯುವುದು ತಿರುವು. ಚಾರ್ಮಾಡಿಯಲ್ಲಿ ಮಾತ್ರವಲ್ಲ, ನಮ್ಮ ಗುಡ್ಡೆಯ ಒಳರಸ್ತೆಯಲ್ಲೂ ಹಾಗೆಯೇ. ಡಬ್ಬಲ್ ಸ್ಟ್ಯಾಂಡ್ ಹಾಕುವುದಕ್ಕೆ ಶಕ್ತಿ ಬೇಡ, ಉಪಾಯ ಬೇಕು. ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗುವಂತೆ ಒತ್ತಿ, ಅದರ ಮೇಲೆ ನಮ್ಮ ಮೈಭಾರ ಬಿಟ್ಟರೆ ಗಾಡಿ ತಾನಾಗಿ ಮೇಲೇರುತ್ತದೆ. ಕೈಯಿಂದ ಎಳೆದರೆ ಸೊಂಟ ಹಿಡಿಯುತ್ತದೆ.

ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂದು ನಮ್ಮಲ್ಲಿ ಒಂದು ಹೆದರಿಕೆ. ವಿಷಯ ಉಲ್ಟಾ. ಬ್ರೇಕ್ ಹಿಡಿಯುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುವುದರಿಂದ ಗಾಡಿಯನ್ನು ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕೇ. ನೇರ ಇರುವಾಗ ಎರಡನ್ನೂ ಸೇರಿಸಿ, ಮೆಲ್ಲಗೆ ಶುರು ಮಾಡಿ ಬಲ ಹೆಚ್ಚಿಸಬೇಕು. ತಿರುವಿನಲ್ಲಿ, ಹೊಯಿಗೆಯ ಮೇಲೆ ಮಾತ್ರ ಮುಂದಿನದ್ದನ್ನು ಗಕ್ಕನೆ ಹಿಡಿಯಬಾರದು. 2019ರ ಏಪ್ರಿಲ್ ನಂತರದ ಸಣ್ಣ ಬೈಕುಗಳಲ್ಲಿ ಒಂದನ್ನು ಒತ್ತಿದರೆ ಎರಡೂ ಸೇರಿ ಹಿಡಿಯುವ ಏರ್ಪಾಡು ಕಡ್ಡಾಯವಾಗಿದೆ. ಅದಕ್ಕಿಂತ ಹಳೆಯದನ್ನು ಕೊಳ್ಳುವವರು ಈ ಕೈ-ಕಾಲಿನ ಲೆಕ್ಕವನ್ನು ತಾವೇ ಕಲಿಯಬೇಕು.

ಮಳೆಗಾಲ ಬಂದಾಗ ಇನ್ನೊಮ್ಮೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಧೋ ಎಂದು ಸುರಿಯುವ ಮಳೆಗಿಂತ ಮೊದಲ ಹನಿಗಳು ಅಪಾಯ, ಬೇಸಗೆ ಇಡೀ ರಸ್ತೆಗೆ ಬಿದ್ದ ಆಯಿಲ್ ಮತ್ತು ಧೂಳು ಆಗ ಸಾಬೂನಿನ ಹಾಗೆ ಜಾರುತ್ತದೆ. ರಬ್ಬರ್ ತೋಟದ ಬದಿಯಲ್ಲಿ ಒದ್ದೆ ಎಲೆ, ಅಂಗಳದ ಪಾಚಿ, ರಸ್ತೆಯ ಬಿಳಿ ಪಟ್ಟಿ, ಇವು ಮೂರನ್ನೂ ನಂಬಬಾರದು. ನೀರು ನಿಂತಲ್ಲಿ ದಾಟಿದ ಮೇಲೆ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ. ಮೆಲ್ಲಗೆ ಹೋಗುತ್ತಾ ನಾಲ್ಕೈದು ಸಲ ಹಗುರವಾಗಿ ಒತ್ತಿದರೆ ಒಣಗುತ್ತದೆ. ನೀರಿನ ಮಧ್ಯೆ ಇಂಜಿನ್ ನಿಂತರೆ ಅಲ್ಲೇ ಕಿಕ್ ಹೊಡೆಯಬೇಡಿ, ತಳ್ಳಿಕೊಂಡು ಆಚೆ ಹೋಗಿ. ಹೆದ್ದಾರಿ 66ರಲ್ಲಿ ನೇತ್ರಾವತಿ ಸೇತುವೆಯ ಮೇಲೆ ಜೂನ್-ಜುಲೈಯ ಪಡುಗಾಳಿ ಹಗುರ ಬೈಕನ್ನು ಒಂದು ಮೊಳ ಬದಿಗೆ ಸರಿಸಬಲ್ಲದು. ಪಕ್ಕದಲ್ಲಿ ಬಸ್ ದಾಟುವಾಗ ಗಾಳಿ ಒಮ್ಮೆ ತಡೆದು ಮತ್ತೆ ಬಡಿಯುತ್ತದೆ. ಅಲ್ಲಿ ವೇಗ ಇಳಿಸಿ, ಹ್ಯಾಂಡಲನ್ನು ಬಿಗಿಯಾಗಿ ಅಲ್ಲ, ಸಡಿಲವಾಗಿ ಹಿಡಿದರೆ ಗಾಡಿ ತಾನೇ ಸರಿಯಾಗುತ್ತದೆ.

ಹಿಂದೆ ಕೂತವರು ಕೊಡೆ ಬಿಡಿಸುವುದು ನಮ್ಮ ಕರಾವಳಿಯದ್ದೇ ಒಂದು ರೋಗ. ಬೈಕಿನಲ್ಲಿ ಹೋಗುವಾಗ ಕೊಡೆಯೆಂದರೆ ಹಾಯಿ. ಗಾಳಿ ಹೊಕ್ಕಿ ಅದು ಹಿಂದಕ್ಕೆ ಮಗುಚಿದಾಗ ಹಿಡಿದವರು ಅದರೊಟ್ಟಿಗೇ ಹೋಗುತ್ತಾರೆ. ಹೆಚ್ಚಾಗಿ ಹಾಗೆ ಬೀಳುವವರು ಹೆಂಗಸರು, ಮಗು ಮಡಿಲಲ್ಲಿದ್ದರೆ ಮಗುವೂ. ಇಬ್ಬರಿಗೂ ರೈನ್‌ಕೋಟ್ ತೆಗೆಯಲು ಒಂದೂವರೆ ಸಾವಿರ ಸಾಕು. ಅದೂ ಪ್ಯಾಂಟ್-ಶರ್ಟಿನ ಹಾಗೆ ಎರಡು ಭಾಗದ್ದು. ಹೊದ್ದುಕೊಳ್ಳುವ ಪ್ಲಾಸ್ಟಿಕ್ ಚಕ್ರಕ್ಕೆ ಹೋಗುತ್ತದೆ.

ಚಕ್ರಕ್ಕೆ ಹೋಗುವ ಮಾತು ಬಂತು. ಹುಡುಗರು ಬೈಕ್ ತೆಗೆದ ಕೂಡಲೇ ಚಂದಕ್ಕೆಂದು ಬಿಚ್ಚಿಹಾಕುವುದು ಎರಡು: ಕನ್ನಡಿ ಮತ್ತು ಸೀರೆ ಗಾರ್ಡ್. ನನ್ನ ಗಾಡಿಗೂ ಎರಡೂ ಇರಲಿಲ್ಲ. ಕನ್ನಡಿಗಳು ಅವನ ಮನೆಯ ಅಟ್ಟದಲ್ಲಿ ಸಿಕ್ಕಿದವು, ಗಾರ್ಡ್ ಹೊಸತು ಹಾಕಿಸಿದೆ. ಹಿಂದೆ ಕೂರುವವರಿಗೆ ಹಿಡಿ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ. ನಮ್ಮ ಮನೆಯ ಹೆಂಗಸರ ಪರ್ದಾ, ಶಾಲು ಎರಡೂ ನುಣುಪು ಬಟ್ಟೆ, ಗಾಳಿಗೆ ಹಾರುತ್ತವೆ. ಶಾಲಿನ ತುದಿ ಒಮ್ಮೆ ಕಡ್ಡಿಗೆ ಸುತ್ತಿತೆಂದರೆ ಎಳೆಯುವುದು ಕೊರಳನ್ನು. ಹೊರಡುವ ಮೊದಲು ಪರ್ದಾದ ಅಂಚನ್ನು ಮಡಚಿ ತೊಡೆಯ ಕೆಳಗೆ ಹಾಕಿ ಕೂತಿದ್ದಾರಾ, ಶಾಲು ಸಿಕ್ಕಿಸಿದ್ದಾರಾ ಎಂದು ಇಳಿದು ನೋಡುವುದು ಓಡಿಸುವವನ ಕೆಲಸ. ನನ್ನ ಹೆಂಡತಿ ಮೊದಮೊದಲು “ಎಲ್ಲರೂ ನೋಡುತ್ತಾರೆ” ಎಂದು ನಾಚಿಕೊಂಡಳು. ಈಗ ಅವಳೇ “ನೋಡಿ ಆಯ್ತಾ?” ಎಂದು ಕೇಳಿ ನಗುತ್ತಾಳೆ. ಮುಂಡು ಉಟ್ಟು ಓಡಿಸುವ ಗಂಡಸರಿಗೂ ಇದು ಅನ್ವಯ.

ಹೆಲ್ಮೆಟ್ ಇಬ್ಬರಿಗೂ, ನಾಲ್ಕು ವರ್ಷ ದಾಟಿದ ಮಗುವಿಗೂ. ಟೊಪ್ಪಿಯ ಮೇಲೆ ಹೆಲ್ಮೆಟ್ ಕೂರುತ್ತದೆ, ತೊಂದರೆ ಇಲ್ಲ. ಪಟ್ಟಿ ಹಾಕದ ಹೆಲ್ಮೆಟ್ ಮಾತ್ರ ಟೊಪ್ಪಿಗಿಂತ ಹೆಚ್ಚಿನದ್ದಲ್ಲ. “ಉಸ್ತಾದ್, ಒಂದು ರೌಂಡ್” ಎಂದು ಕೀ ಕೇಳುವ ಏಳನೇ ಕ್ಲಾಸಿನ ಮಕ್ಕಳಿದ್ದಾರೆ. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲಕನಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ಗಾಡಿಯ ನೋಂದಣಿ ರದ್ದು. 2019ರ ತಿದ್ದುಪಡಿಯಲ್ಲಿ ಬಂದದ್ದು. ಕೀ ನನ್ನ ಜೇಬಿನಲ್ಲೇ ಇರುತ್ತದೆ.

ನೋಟ್ ಪುಸ್ತಕದ ಲೆಕ್ಕ

ಹಾಜರಿ ಬರೆಯುವ ಅಭ್ಯಾಸ ಇರುವುದರಿಂದ ಬೈಕಿಗೂ ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ. ಮೊದಲ ನಾಲ್ಕು ತಿಂಗಳಲ್ಲಿ ಬ್ಯಾಟರಿಗೆ 1,050, ಕಾರ್ಬುರೇಟರ್ ಶುದ್ಧಿ ಮತ್ತು ಇಂಜಿನ್ ಆಯಿಲಿಗೆ 770, ಹಿಂದಿನ ಟಯರ್-ಟ್ಯೂಬಿಗೆ 2,050, ಚೈನ್ ಸ್ಪ್ರಾಕೆಟಿಗೆ 1,350, ಎರಡೂ ಬ್ರೇಕ್ ಶೂಗೆ 420, ಹ್ಯಾಂಡಲಿನ ಕೋನ್ ಸೆಟ್ಟಿಗೆ 650, ಗಾರ್ಡಿಗೆ 250, ಕ್ಲಚ್ ವೈರಿಗೆ 180. ಒಟ್ಟು 6,720. ಆರ್‌ಸಿ, ಇನ್ಶೂರೆನ್ಸ್ ಬೇರೆ. ಹಳೆ ಬೈಕಿಗೆ ಬೆಲೆ ಕಟ್ಟುವಾಗ ಇಷ್ಟನ್ನು ಬದಿಗೆ ಇಟ್ಟುಕೊಳ್ಳದಿದ್ದರೆ ಆ ಹಣ ಮಗಳ ಫೀಸಿನಿಂದ ಹೋಗುತ್ತದೆ.

ಇದರಲ್ಲಿ ಮುಂದೂಡಬಹುದಾದ್ದು ಬ್ಯಾಟರಿ ಒಂದೇ, ಕಿಕ್ಕರ್ ಉಂಟಲ್ಲ. ಆದರೆ ಮೊದಲು ಮಾಡಿಸುವುದು ಅದನ್ನೇ, ಸೆಲ್ಫ್ ಬೇಕೆಂದು. ಟಯರ್, ಬ್ರೇಕ್, ಚೈನ್ ಈ ಮೂರು ಕಣ್ಣಿಗೆ ಬೀಳುವುದಿಲ್ಲ. ನನ್ನ ಗಾಡಿಯ ಚೈನ್ ಪೂರ್ತಿ ಮುಚ್ಚಿದ ಕೇಸಿನೊಳಗೆ ಇರುವಂಥದ್ದು. ಬಟ್ಟೆಗೆ ಒಳ್ಳೆಯದು, ಚೈನಿಗೆ ಕೆಟ್ಟದ್ದು, ಯಾರೂ ನೋಡುವುದಿಲ್ಲವಲ್ಲ. ಕೇಸಿನಲ್ಲಿ ಒಂದು ರಬ್ಬರ್ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಬೆರಳು ಹಾಕಿ ಚೈನನ್ನು ಮೇಲೆ ಕೆಳಗೆ ಆಡಿಸಿದರೆ ಸುಮಾರು ಒಂದು ಇಂಚು ಆಡಬೇಕು. ಎರಡು ಇಂಚು ಆಡಿದರೆ ಬಿಗಿ ಮಾಡಿಸಬೇಕು, ಬಿಗಿ ಮಾಡಿದರೂ ಒಂದು ಕಡೆ ಟೈಟ್ ಒಂದು ಕಡೆ ಲೂಸ್ ಎಂದಾದರೆ ಹೊಸತು ಹಾಕಬೇಕು, ಅದೂ ಹಲ್ಲು ಚಕ್ರಗಳ ಸಮೇತ. ಚೈನ್ ಒಂದನ್ನೇ ಬದಲಾಯಿಸಿದರೆ ಹಳೆ ಹಲ್ಲುಗಳು ಹೊಸ ಚೈನನ್ನು ತಿನ್ನುತ್ತವೆ. ಒಣಗಿದ ಚೈನಿಗೆ 500 ಕಿಲೋಮೀಟರಿಗೊಮ್ಮೆ 90 ನಂಬರ್ ಗೇರ್ ಆಯಿಲ್, ಮಳೆಗಾಲದಲ್ಲಿ ಅದಕ್ಕಿಂತ ಬೇಗ. ಹಳೆ ಇಂಜಿನ್ ಆಯಿಲ್ ಸುರಿಯುವವರಿದ್ದಾರೆ, ಅದರಲ್ಲಿರುವ ಕೊಳೆ ಮತ್ತು ಲೋಹದ ಪುಡಿ ಚೈನಿಗೆ ಅರದ ಕೆಲಸ ಮಾಡುತ್ತದೆ.

ಕ್ಲಚ್ ವೈರ್ ತುಂಡಾಗುವ ಮೊದಲು ಹೇಳಿಯೇ ತುಂಡಾಗುತ್ತದೆ. ಲಿವರಿನ ಬುಡದಲ್ಲಿ ಒಂದೊಂದೇ ಎಳೆ ಬಿಡಿಸಿಕೊಳ್ಳುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ನನ್ನದು ಹಾಗೆ ಎಳೆ ಬಿಡುವುದನ್ನು ನೋಡಿ ಮೆಕ್ಯಾನಿಕ್ ಬದಲಾಯಿಸಿದರು. ಹಳೆಯದನ್ನು ಸೀಟಿನ ಕೆಳಗೆ ಇಡಲು ಹೇಳಿದರು, ರಾತ್ರಿ ದಾರಿಯಲ್ಲಿ ಬೇಕಾದರೆ ಮನೆಯವರೆಗೆ ಬರಬಹುದು.

ಇನ್ನೊಂದು ವಿಷಯ ಅವರು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮನೆಯಿಂದ ಮದ್ರಸಕ್ಕೆ ಎರಡೂವರೆ ಕಿಲೋಮೀಟರ್. ಅಷ್ಟರಲ್ಲಿ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಆವಿಯಾಗಿ ಹೋಗುವುದಿಲ್ಲ. ಜುಲೈಯಲ್ಲಿ ಆಯಿಲ್ ಮುಚ್ಚಳ ತೆಗೆದು ನೋಡಿದಾಗ ಒಳಬದಿಯಲ್ಲಿ ಹಾಲಿನ ಕೆನೆಯಂಥ ಬಿಳಿ ಲೇಪ ಇತ್ತು. ಹೆದರುವುದು ಬೇಡ, ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಬಿಡದೆ ಓಡಿಸಿ, ಆಯಿಲನ್ನು ಸ್ವಲ್ಪ ಬೇಗ ಬದಲಾಯಿಸಿ ಎಂದರು. ಹಾಗಾಗಿ ಈಗ ಶುಕ್ರವಾರ ಜುಮಾ ಮುಗಿಸಿ ಮುಡಿಪು ಕಡೆಯಲ್ಲಿರುವ ಉಮ್ಮನ ಮನೆಗೆ ಹೋಗಿ ಬರುತ್ತೇನೆ. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದದ್ದು. ಬೈಕಿನ ಆರೋಗ್ಯಕ್ಕಾಗಿ ಬರುವುದು ಎಂದು ಉಮ್ಮನಿಗೆ ಹೇಳಿಲ್ಲ.

ಗಾಳಿ ವಾರಕ್ಕೊಮ್ಮೆ, ಟಯರ್ ತಣ್ಣಗಿರುವಾಗ. ಎಷ್ಟೆಂದು ಗಾಡಿಯ ಮೇಲಿನ ಸ್ಟಿಕ್ಕರಿನಲ್ಲೋ ಮ್ಯಾನುವಲ್‌ನಲ್ಲೋ ಇರುತ್ತದೆ, ಹಿಂದೆ ಜನ ಕೂತರೆ ಹಿಂದಿನ ಟಯರಿಗೆ ಹೆಚ್ಚು ಬೇಕು. ಬ್ರೇಕ್ ಡ್ರಮ್ಮಿನ ಬದಿಯಲ್ಲಿ ಸಣ್ಣ ಬಾಣದ ಗುರುತು ಉಂಟು, ಬ್ರೇಕ್ ಒತ್ತಿದಾಗ ಅದು ಕೊನೆಯ ಗೆರೆ ಮುಟ್ಟಿದರೆ ಶೂ ಮುಗಿದಿದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಎರಡು ಚಕ್ರದ ಗಾಡಿಗೆ ಟಯರಿನ ಗೀರು 0.8 ಮಿಲಿಮೀಟರಿಗಿಂತ ಕಡಿಮೆ ಆಗಬಾರದು ಎಂದು ನಿಯಮ, ಆದರೆ ನಮ್ಮ ಮಳೆಗೆ ಅಷ್ಟು ಸಾಲದು. ನನ್ನ ಮುಂದಿನ ಟಯರಿನಲ್ಲಿ ಗೀರು ಇನ್ನೂ ಚೆನ್ನಾಗಿಯೇ ಉಂಟು. ಅಂಕಿ ಮಾತ್ರ 3816, ಅಂದರೆ ಗಾಡಿಯಷ್ಟೇ ಪ್ರಾಯ, ರಬ್ಬರ್ ಉಗುರಿಗೆ ಕಲ್ಲಿನ ಹಾಗೆ ತಾಗುತ್ತದೆ. ಮೇ ತಿಂಗಳ ಸಂಬಳದಲ್ಲಿ ಅದನ್ನು ಬದಲಾಯಿಸಲು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಮಳೆ ಹಿಡಿಯುವ ಮೊದಲು.